ಹಳೆ ಕಲ್ಲುಗೋಡೆ ಪಕ್ಕ ಬಾಡಿಗೆ ಕ್ಯಾಬಿನ್: ಮುಂಗಡ ಕೊಡೋ ಮುಂಚೆ ಏನು ನೋಡಬೇಕು?

ಪ್ರಶ್ನೆ: ನಮಸ್ತೆ ಸರ್. ನಾನು, ನಮ್ಮ ಯಜಮಾನರು ಇಬ್ಬರೂ ರಿಟೈರ್ ಆಗಿದ್ದೇವೆ. ಪಾರಂಪರಿಕ ಪ್ರದೇಶದಲ್ಲಿ ನಮ್ಮದೊಂದು ಜಾಗ ಇದೆ, ಒಂದು ಬದಿಗೆ ಉದ್ದಕ್ಕೂ ತುಂಬಾ ಹಳೆಯ ಕಲ್ಲಿನ ಗೋಡೆ. ಅಲ್ಲಿ ಮೂರು ಮರದ ಕ್ಯಾಬಿನ್ ಹಾಕಿ ಪ್ರವಾಸಿಗರಿಗೆ ದಿನದ ಬಾಡಿಗೆಗೆ ಕೊಡುವ ಆಸೆ. ಹಾಕುತ್ತಿರುವುದು ರಿಟೈರ್ಮೆಂಟ್ ದುಡ್ಡು. ಕ್ಯಾಬಿನ್ ಮಾರುವವರು "ರೆಡಿಮೇಡ್ ಅಲ್ವಾ, ತಂದು ಇಡುತ್ತೇವೆ, ಪರ್ಮಿಷನ್ ಏನೂ ಬೇಡ" ಅನ್ನುತ್ತಾರೆ. ನಂಬಬಹುದಾ? ಗೋಡೆಯ ಸಂದಿಯಿಂದ ಪುಡಿ ಉದುರುತ್ತಿದೆ, ಅದಕ್ಕೆ ಸಿಮೆಂಟ್ ಹಾಕಿಸಲು ನಾಳೆ ಮೇಸ್ತ್ರಿ ಬರುತ್ತಾರೆ.

ಉತ್ತರ (ಹಳೆ ಕಟ್ಟಡಗಳ ಆರ್ಕಿಟೆಕ್ಟ್): ಮೇಡಂ, ಮೊದಲು ಮೇಸ್ತ್ರಿಯನ್ನು ನಿಲ್ಲಿಸಿ. ಸಿಮೆಂಟ್ ಮಾತ್ರ ಬೇಡವೇ ಬೇಡ. ಈಗ ಬಳಸುವ ಪೋರ್ಟ್‌ಲ್ಯಾಂಡ್ ಸಿಮೆಂಟಿಗೆ ಪೇಟೆಂಟ್ ಆಗಿದ್ದೇ 1824ರಲ್ಲಿ. ಅದಕ್ಕೂ ಹಿಂದಿನ ಗೋಡೆಯಾದರೆ ಸಂದಿಯಲ್ಲಿರುವುದು ಬಹುಪಾಲು ಸುಣ್ಣದ ಗಾರೆ ಅಥವಾ ಮಣ್ಣು. ಸುಣ್ಣದ ಗಾರೆ ಮೆತ್ತಗಿರುತ್ತದೆ, ಗೋಡೆಯೊಳಗಿನ ತೇವ ಅದರ ಮೂಲಕವೇ ಹೊರಗೆ ಆರಿಹೋಗುತ್ತದೆ. ಸಿಮೆಂಟ್ ಆ ದಾರಿ ಮುಚ್ಚುತ್ತದೆ. ಆಗ ತೇವ ಕಲ್ಲಿಗೇ ಇಳಿದು ಬರಬರುತ್ತಾ ಕಲ್ಲು ಚಕ್ಕೆಯೇಳುತ್ತದೆ. ಒಂದು ಗೋಡೆಯಲ್ಲಿ ನಾನೇ ನೋಡಿದೆ, ಸಿಮೆಂಟಿನ ಗೆರೆಗಳು ಬಲೆಯ ಹಾಗೆ ಮುಂದೆ ಚಾಚಿ ನಿಂತಿದ್ದವು, ನಡುವಿನ ಕಲ್ಲು ಒಂದು ಬೆರಳಿನಷ್ಟು ಒಳಗೆ ಸವೆದಿತ್ತು. ಸುಣ್ಣದ ಕೆಲಸ ಗೊತ್ತಿರುವವರನ್ನೇ ಹುಡುಕಿ, ತಡವಾದರೂ ಪರವಾಗಿಲ್ಲ.

ಇನ್ನು ಪರ್ಮಿಷನ್. ಕ್ಯಾಬಿನ್ ರೆಡಿಮೇಡ್ ಇರಬಹುದು, ಅದಕ್ಕೆ ನೀರಿನ ಪೈಪು, ಕರೆಂಟ್ ಕೇಬಲ್, ಶೌಚದ ಗುಂಡಿ ಬೇಕೇ ಬೇಕಲ್ಲ, ಅಂದರೆ ನೆಲ ಅಗೆಯಬೇಕು. ಇಂಥ ಜಾಗದಲ್ಲಿ ಎರಡು ಅಡಿ ತೋಡಿದಾಗ ಹಳೆ ನೆಲಗಟ್ಟೋ ಮಡಕೆ ಚೂರೋ ಸಿಕ್ಕರೆ ಕೆಲಸ ಅಲ್ಲಿಗೇ ನಿಲ್ಲಬಹುದು. ಮಾರಿದವರು ಕ್ಯಾಬಿನ್ ಇಳಿಸಿ ಹೋಗುತ್ತಾರೆ, ನೋಟಿಸ್ ಬರುವುದು ನಿಮ್ಮ ಹೆಸರಿಗೆ. ಕಟ್ಟಲು ಅನುಮತಿ ಬೇಕಾ, ದಿನದ ಬಾಡಿಗೆಗೆ ಕೊಡಲು ಬೇರೆ ಅನುಮತಿ ಬೇಕಾ, ಎರಡನ್ನೂ ಸಂಬಂಧಪಟ್ಟ ಕಚೇರಿಗೆ ಬರೆದು ಕೇಳಿ, ಉತ್ತರವನ್ನೂ ಬರಹದಲ್ಲೇ ತಗೊಳ್ಳಿ. ಅಲ್ಲಿವರೆಗೆ ಮುಂಗಡ ಕೊಡಬೇಡಿ.

ಪ್ರಶ್ನೆ: ಮೂರು ಒಟ್ಟಿಗೆ ತಗೊಂಡರೆ ರಿಯಾಯಿತಿ ಜಾಸ್ತಿ ಅಂತಿದ್ದಾರೆ ಸರ್.

ಉತ್ತರ: ಒಂದರಿಂದ ಶುರು ಮಾಡಿ. ವಾರಕ್ಕೆ 2 ರಾತ್ರಿ ತುಂಬಿದರೆ ವರ್ಷಕ್ಕೆ 104 ರಾತ್ರಿ, ಲೆಕ್ಕ ಹಾಕುವಾಗ 365 ಹಿಡಿಯಬೇಡಿ. ಆ 104ರಲ್ಲೇ ವಿಮೆ, ತೆರಿಗೆ, ಬುಕಿಂಗ್ ಕಮಿಷನ್, ರಿಪೇರಿ ಎಲ್ಲ ಹೋಗಬೇಕು. ವಿಮೆಯವರಿಗೆ ಇದು ಬಾಡಿಗೆಗೆ ಅಂತ ಮೊದಲೇ ಹೇಳಿ, ಸಾಮಾನ್ಯ ಮನೆ ವಿಮೆ ಸಾಕಾಗದೇ ಇರಬಹುದು. ಮರದ ಕ್ಯಾಬಿನ್ನಿಗೆ ಹೊಗೆ ಅಲಾರಂ ಬೇಕೇ ಬೇಕು, ಒಳಗೆ ಸೌದೆ ಒಲೆ ಅಥವಾ ಗ್ಯಾಸ್ ಇದ್ದರೆ ಕಾರ್ಬನ್ ಮಾನಾಕ್ಸೈಡ್ ಅಲಾರಂ ಕೂಡ, ಯಾಕೆಂದರೆ ಆ ಅನಿಲಕ್ಕೆ ಬಣ್ಣವೂ ಇಲ್ಲ ವಾಸನೆಯೂ ಇಲ್ಲ.

ನನಗೆ ಜಾಸ್ತಿ ಚಿಂತೆ ನಿಮ್ಮಿಬ್ಬರ ಮೈಕೈದು. ಮೂರೂ ಕ್ಯಾಬಿನ್ ಒಂದೇ ಬೆಳಿಗ್ಗೆ ಖಾಲಿಯಾಗಿ ಮಧ್ಯಾಹ್ನಕ್ಕೆ ಹೊಸಬರು ಬಂದರೆ ಮೂರು ಬಾತ್‌ರೂಮ್ ತೊಳೆದು ಆರು ಹಾಸಿಗೆ ಹಾಸುವವರು ಯಾರು? ಮೊದಲ ಕ್ಯಾಬಿನ್ನಿನಲ್ಲಿ ನೀವೇ ಒಂದು ವಾರ ಮಲಗಿ, ಪ್ರತಿದಿನ ಅತಿಥಿ ಹೋದ ಹಾಗೆ ಪೂರ್ತಿ ಸ್ವಚ್ಛ ಮಾಡಿ ನೋಡಿ.

ಪ್ರಶ್ನೆ: ಮೇಸ್ತ್ರಿಗೆ ಬರಬೇಡಿ ಅಂತ ಈಗಷ್ಟೇ ಫೋನ್ ಮಾಡಿದೆವು ಸರ್. ಗೋಡೆಯ ಫೋಟೋ ನಾಳೆ ಹಾಕುತ್ತೇವೆ.

ಉತ್ತರ: ಹತ್ತಿರದಿಂದ ತೆಗೆಯಿರಿ, ಸಂದಿ ಕಾಣಬೇಕು. ಬುಡದಲ್ಲಿ ನೀರು ನಿಲ್ಲುತ್ತದಾ ಅಂತಲೂ ತಿಳಿಸಿ.