ಕೌದಿಯ ತುಂಡು: ಹಚ್ಚುವುದೋ, ಕೂಡಿಸುವುದೋ?

ಹೊಲಿಗೆ ಕಲಿಯುವ ಹೆಣ್ಣುಮಕ್ಕಳಿಗಾಗಿ ಒಂದು ಕಿರುಹೊತ್ತಿಗೆಯನ್ನು ಕನ್ನಡಕ್ಕೆ ತರುತ್ತಿದ್ದೇನೆ. ಅಮೆರಿಕದ ‘ಲಾಗ್ ಕ್ಯಾಬಿನ್’ ವಿನ್ಯಾಸದ ಹೊದಿಕೆಯ ಅಧ್ಯಾಯಕ್ಕೆ ಬಂದು ಪೆನ್ನು ನಿಂತಿದೆ. ಮೊದಲ ಕರಡಿನಲ್ಲಿ ‘ಪ್ಯಾಚ್‌ವರ್ಕ್’ ಎಂಬುದಕ್ಕೆ ‘ತೇಪೆ ಕೆಲಸ’ ಎಂದಿದೆ. ಅದನ್ನು ಒಪ್ಪಲು ನನಗೆ ಮನಸ್ಸಿಲ್ಲ. ತೇಪೆ ಬೀಳುವುದು ಹರಿದದ್ದಕ್ಕೆ. ರಸ್ತೆಯ ಗುಂಡಿಗೆ ತೇಪೆ ಹಾಕುತ್ತಾರೆ, ಆಡಿ ಕೆಡಿಸಿದ ಮಾತಿಗೆ ತೇಪೆ ಹಚ್ಚುತ್ತಾರೆ. ಗಟ್ಟಿ ಬಟ್ಟೆಯನ್ನು ಅಳೆದು ಕತ್ತರಿಸಿ ಚಿತ್ತಾರ ಕಟ್ಟುವ ಕೆಲಸಕ್ಕೆ ಆ ಹೆಸರು ಸಲ್ಲದು.

ಇಡೀ ಹೊದಿಕೆಗಂತೂ ಹೆಸರು ಹುಡುಕಬೇಕಿಲ್ಲ, ಕೌದಿ ಇದೆ. ಯಲ್ಲಾಪುರ, ಹಳಿಯಾಳದ ಕಡೆಯ, ಆಫ್ರಿಕಾ ಮೂಲದ ಸಿದ್ದಿಯರು ಕವಂದಿ ಎನ್ನುತ್ತಾರೆ. ಬೊಂತೆ ಎಂಬ ಇನ್ನೊಂದು ಹಳೆಯ ಮಾತೂ ಇದೆ. 12ನೆಯ ಶತಮಾನದ ವಚನಕಾರ್ತಿ ಬೊಂತಾದೇವಿಗೆ ಶಿವ ಕೊಟ್ಟ ಬೊಂತೆಯಿಂದಲೇ ಆ ಹೆಸರು ಬಂತೆಂಬ ಐತಿಹ್ಯವಿದೆ. ತೊಡಕಿರುವುದು ಹೆಸರಿನಲ್ಲಲ್ಲ, ಕ್ರಿಯಾಪದದಲ್ಲಿ.

ಧಾರವಾಡದ ಕಡೆ ನಮ್ಮ ದೊಡ್ಡವ್ವ ಕೌದಿ ಹೊಲಿಯುವುದನ್ನು ಪಕ್ಕದಲ್ಲೇ ಕುಳಿತು ನೋಡಿದ್ದೇನೆ. ಪಡಸಾಲೆಯಲ್ಲಿ ಹಳೆಯ ಸೀರೆಯನ್ನು ಸುಕ್ಕಿಲ್ಲದಂತೆ ಹಾಸಿ, ಮೇಲೆ ಇನ್ನೆರಡು ಪದರ ಹಾಕಿ, ಒಂದು ಮೂಲೆಯಿಂದ ಹೊಲಿಗೆ ಹಿಡಿಯುತ್ತಿದ್ದಳು. ಅಂಚಿನ ಗುಂಟ ಒಂದು ಸುತ್ತು ಬಂದ ಮೇಲೆ ಅದರ ಒಳಗೆ ಮತ್ತೊಂದು ಸುತ್ತು, ಹೀಗೆ ನಡುವಿಗೆ ಬಂದು ಮುಗಿಯುವವರೆಗೆ. ತುಂಡಿನ ಅಂಚನ್ನು ಹೆಬ್ಬೆರಳಿನ ಉಗುರಿನಿಂದ ಒಳಕ್ಕೆ ಮಡಚಿ ಒತ್ತಿ, ಹಾಸಿದ ಬಟ್ಟೆಯ ಮೇಲಿಟ್ಟು, ಅಕ್ಕಿಕಾಳಿನಷ್ಟು ಉದ್ದದ ಹೊಲಿಗೆ ಹಾಕುತ್ತಾ ಹೋಗುವಳು. ಇಳಕಲ್ ಸೆರಗಿನ ಕೆಂಪು ತುಂಡನ್ನು ಮಾತ್ರ ನಡುವಿಗೆಂದು ಎತ್ತಿಡುತ್ತಿದ್ದಳು. ಈ ಕೆಲಸಕ್ಕೆ ಅವಳ ಬಾಯಲ್ಲಿದ್ದ ಮಾತು ‘ತುಂಡು ಹಚ್ಚುವುದು’. ಸಿದ್ದಿಯರ ಕವಂದಿಯೂ ಹೀಗೆಯೇ ಅಂಚಿನಿಂದ ನಡುವಿಗೆ ಸಾಗುತ್ತದೆ. ಮೂಲೆಗಳಲ್ಲಿ ತ್ರಿಕೋನವಾಗಿ ಮಡಚಿ ಹೊಲಿದ ‘ಫೂಲ್’ ಇಲ್ಲದಿದ್ದರೆ ಅವರಿಗೆ ಅದು ಮುಗಿದ ಕವಂದಿಯಲ್ಲ.

ಲಾಗ್ ಕ್ಯಾಬಿನ್ ನಡೆಯುವುದು ಇದಕ್ಕೆ ತಿರುಗಾಮುರುಗಾ. ನಡುವೆ ಒಂದು ಚಿಕ್ಕ ಚೌಕ, ಹೆಚ್ಚಾಗಿ ಕೆಂಪು. ಅದನ್ನು ಮನೆಯ ಒಲೆಯೆಂದು ಭಾವಿಸುತ್ತಾರೆ. ಅದರ ಸುತ್ತ ಮರದ ದಿಮ್ಮಿ ಜೋಡಿಸಿದಂತೆ ಒಂದಾದ ಮೇಲೊಂದು ಪಟ್ಟಿ, ಎರಡು ಮಗ್ಗುಲಿಗೆ ತಿಳಿಬಣ್ಣ, ಎರಡು ಮಗ್ಗುಲಿಗೆ ಗಾಢಬಣ್ಣ. ಅಡಿಯಲ್ಲಿ ಹಾಸು ಬಟ್ಟೆ ಇರಲೇಬೇಕೆಂದಿಲ್ಲ. ತುಂಡುಗಳ ಹೊರಮೈ ಒಂದಕ್ಕೊಂದು ತಾಗುವಂತೆ ಒಂದರ ಮೇಲೊಂದಿಟ್ಟು, ಅಂಚಿನಿಂದ ಕಾಲು ಇಂಚು ಬಿಟ್ಟು ಹೊಲಿದು, ಬಿಡಿಸಿ ಇಸ್ತ್ರಿ ಮಾಡುತ್ತಾರೆ. ಚಿತ್ತಾರವೆಲ್ಲ ಮೊದಲು ಮುಗಿದು, ಹತ್ತಿಯ ಪದರವೂ ಅಡಿಬಟ್ಟೆಯೂ ಆಮೇಲೆ ಸೇರುತ್ತವೆ. ಇಲ್ಲಿ ‘ತುಂಡು ಹಚ್ಚಿ’ ಎಂದು ಬರೆದರೆ ಓದಿದವಳು ಖಂಡಿತ ಅಡಿಯಲ್ಲಿ ಸೀರೆ ಹಾಸಿಯೇ ಕೂರುತ್ತಾಳೆ.

ಆದ್ದರಿಂದ ಬಟ್ಟೆಯ ಮೇಲಿಟ್ಟು ಹೊಲಿಯುವುದಕ್ಕೆ ‘ಹಚ್ಚುವುದು’, ಅಂಚಿಗೆ ಅಂಚು ಸೇರಿಸುವುದಕ್ಕೆ ‘ಕೂಡಿಸುವುದು’ ಎಂದು ಕಡೆಯವರೆಗೂ ಬೇರೆಬೇರೆಯಾಗಿಯೇ ಬಳಸಬೇಕೆಂದಿದ್ದೇನೆ. ‘ಜೋಡಣೆ’ ಎಂದೂ ಯೋಚಿಸಿದೆ, ಅದು ಯಂತ್ರದ ಬಿಡಿಭಾಗಗಳ ಮಾತಿನಂತೆ ಕೇಳಿಸಿತು.

ಇನ್ನು ‘ಬ್ಲಾಕ್’, ಅಂದರೆ ಹೀಗೆ ಕೂಡಿಸಿ ಮುಗಿಸಿದ ಒಂದೊಂದು ಚೌಕ; ಇಂಥವು ಹಲವು ಸೇರಿ ಹೊದಿಕೆಯಾಗುತ್ತದೆ. ಚೌಕಾಬಾರದ ಹಲಗೆಯಲ್ಲಿ ಒಂದೊಂದು ಚೌಕಕ್ಕೂ ನಾವು ಮನೆ ಎನ್ನುತ್ತೇವಲ್ಲ, ಅದನ್ನೇ ಇಲ್ಲಿಗೂ ತಂದರೆ? ‘ಹನ್ನೆರಡು ಮನೆಯ ಕೌದಿ’ ಎಂದರೆ ಅಳತೆಯೂ ರೂಪವೂ ಒಟ್ಟಿಗೆ ಕಣ್ಣಿಗೆ ಕಟ್ಟುತ್ತವೆ. ನಡುವೆ ಒಲೆಯಿರುವ ಈ ವಿನ್ಯಾಸಕ್ಕಂತೂ ಅದಕ್ಕಿಂತ ಒಪ್ಪುವ ಮಾತು ನನಗೆ ಕಾಣುತ್ತಿಲ್ಲ.

ನಿಮ್ಮ ಮನೆಯಲ್ಲಿ, ನೆರೆಯಲ್ಲಿ ಕೌದಿ ಹೊಲಿಯುವವರಿದ್ದರೆ ಕೇಳಿ ನೋಡಿ. ಅಂಚಿಗೆ ಅಂಚು ಸೇರಿಸುವುದಕ್ಕೆ ಅವರು ‘ಕೂಡಿಸು’ ಎನ್ನುತ್ತಾರೆಯೇ, ಬೇರೆ ಮಾತು ಇದೆಯೇ? ಚೌಕವನ್ನು ಮೂಲೆಯಿಂದ ಮೂಲೆಗೆ ಕತ್ತರಿಸಿದ ತುಂಡಿಗೆ ಏನೆನ್ನುತ್ತಾರೆ? ಅವರ ಬಾಯಿಂದ ಬಂದ ಮಾತನ್ನು ತಿದ್ದದೆ, ಊರಿನ ಹೆಸರಿನೊಡನೆ ಬರೆದು ತಿಳಿಸಿ.