ಪಿರಮಿಡ್ ಪೀಕ್‌ನ ಯುದ್ಧಕಾಲದ ಕಾವಲು ಕೋಣೆಗೆ ಅಪ್ಪನನ್ನು ಕರೆದುಕೊಂಡು ಹೋಗಬಹುದಾ?

ಸೋಮವಾರಪೇಟೆಯವಳು:
ಎಲ್ಲರಿಗೂ ನಮಸ್ಕಾರ. ನಾವಿರೋದು ಸಿಯಾಟಲ್ ಹತ್ತಿರ. ಅಪ್ಪ ಅಮ್ಮ ಊರಿಂದ ಬಂದಿದ್ದಾರೆ. ಅಪ್ಪನಿಗೆ 67. ಸೈನ್ಯದ ಸಿಗ್ನಲ್ಸ್‌ನಲ್ಲಿದ್ದವರು, ಟೆಲಿಫೋನ್ ತಂತಿ ಎಳೆದೇ ಅರ್ಧ ಆಯಸ್ಸು ಕಳೆದವರು. ಒಲಿಂಪಿಕ್ ನ್ಯಾಷನಲ್ ಪಾರ್ಕ್‌ನಲ್ಲಿ, ಲೇಕ್ ಕ್ರೆಸೆಂಟ್ ಮೇಲಿನ ಪಿರಮಿಡ್ ಪೀಕ್ ತುದಿಯಲ್ಲಿ, 1942ರ ಮರದ ಕೋಣೆಯೊಂದಿದೆ ಅಲ್ವಾ? ಶತ್ರು ವಿಮಾನ ಬರುತ್ತದಾ ಎಂದು ಕಾದು ಕೂತು, ಕಂಡರೆ ಸುದ್ದಿ ಕೊಡೋದಕ್ಕೆ ಕಟ್ಟಿದ್ದು. ಅದರ ವಿಷಯ ಹೇಳಿದಾಗಿನಿಂದ ಅಪ್ಪನಿಗೆ ಅದೇ ಧ್ಯಾನ. ಊರಲ್ಲಿ ದಿನಾ ಕಾಫಿ ತೋಟ ಸುತ್ತುತ್ತಾರೆ. ಇಳಿಯುವಾಗ ಮಾತ್ರ ಎಡ ಮಂಡಿ ನೋಯುತ್ತದೆ. ಕರೆದುಕೊಂಡು ಹೋಗಬಹುದಾ?

ಕಾಡುದಾರಿ:
ಎರಡು ಸಲ ಹೋಗಿದ್ದೇನೆ. ಒಂದು ಕಡೆಗೆ 3.5 ಮೈಲಿ, ಏರು ಸುಮಾರು 2,350 ಅಡಿ. ತೋಟ ಸುತ್ತುವವರು ನಿಧಾನವಾಗಿ ಹತ್ತಿಬಿಡಬಹುದು. ನನ್ನ ಭಯ ಏರಿನದಲ್ಲ. ಅರ್ಧ ದಾರಿ ದಾಟಿದ ಮೇಲೆ ಗುಡ್ಡ ಕುಸಿದ ಜಾಗ ಸಿಗುತ್ತದೆ. ಅಲ್ಲಿ ದಾರಿ ತೀರಾ ಕಿರಿದು, ಕಾಲಡಿ ಸಡಿಲ ಮಣ್ಣು, ಪಕ್ಕದಲ್ಲಿ ಕಡಿದಾದ ಇಳಿಜಾರು. ವಾಪಸ್ ಬರುವಾಗ ದಣಿದ ಕಾಲಲ್ಲಿ ಅದನ್ನೇ ಮತ್ತೆ ದಾಟಬೇಕು. ಮಂಡಿ ನೋವಿರುವವರನ್ನು ನಾನಾದರೆ ಕರೆದೊಯ್ಯಲ್ಲ. ದಯವಿಟ್ಟು ಬೇಡ.

ಆದರೆ ಅಪ್ಪನ ಆಸೆ ನನಗೆ ಅರ್ಥವಾಗುತ್ತದೆ. ಆ ಕಾವಲಿನ ಹಿಂದಿದ್ದ ಭಯ ಸುಳ್ಳಾಗಿರಲಿಲ್ಲ. 1942ರ ಜೂನ್‌ನಲ್ಲಿ ಜಪಾನಿನ ಜಲಾಂತರ್ಗಾಮಿಗಳು ಕೆನಡಾದ ವ್ಯಾಂಕೂವರ್ ದ್ವೀಪದ ಎಸ್ಟೆವಾನ್ ಪಾಯಿಂಟ್ ದೀಪಸ್ತಂಭದ ಮೇಲೂ, ಮರುದಿನವೇ ಪಕ್ಕದ ಒರೆಗಾನ್ ರಾಜ್ಯದ ಫೋರ್ಟ್ ಸ್ಟೀವನ್ಸ್ ಸೇನಾ ಕೋಟೆ ಮೇಲೂ ಗುಂಡು ಹಾರಿಸಿದ್ದವು. ಸೆಪ್ಟೆಂಬರ್‌ನಲ್ಲಿ ಒಂದು ಸಣ್ಣ ವಿಮಾನ ಒರೆಗಾನ್ ಕಾಡಿನ ಮೇಲೆ ಬೆಂಕಿ ಬಾಂಬ್ ಹಾಕಿತು. ಕರಾವಳಿ ಉದ್ದಕ್ಕೂ ಮಾಮೂಲಿ ಜನರೇ ಹಗಲು ರಾತ್ರಿ ಪಾಳಿ ಮೇಲೆ ಕೂತು ಆಕಾಶ ಕಾದರು. ನಮ್ಮ ಕಡೆ ಗದ್ದೆ ಕಾಯೋಕೆ ಅಟ್ಟಣೆ ಮೇಲೆ ಕೂರುತ್ತಾರಲ್ಲ, ಆ ಕೋಣೆ ನೋಡಿದಾಗ ನನಗೆ ಅದೇ ನೆನಪಾಯಿತು.

ರೈಲುಪ್ರಿಯ:
ಪಿರಮಿಡ್ ಪೀಕ್ ದಾರಿ ಶುರುವಾಗುವ ಕ್ಯಾಂಪ್ ಡೇವಿಡ್ ಜೂನಿಯರ್ ರಸ್ತೆಯ ಕೊನೆಯಲ್ಲೇ ಸ್ಪ್ರೂಸ್ ರೈಲ್‌ರೋಡ್ ಟ್ರೇಲ್ ಇದೆ. ಕೆರೆ ಪಕ್ಕದಲ್ಲೇ ಸಮತಟ್ಟು ದಾರಿ, ಟಾರು ಹಾಕಿದೆ, ಸುರಂಗವೂ ಇದೆ. ಅದೂ ಯುದ್ಧದ್ದೇ. ಮೊದಲ ಮಹಾಯುದ್ಧದಲ್ಲಿ ವಿಮಾನದ ಚೌಕಟ್ಟಿಗೆ ಹಗುರವಾದ, ಗಟ್ಟಿಯಾದ ಸಿಟ್ಕಾ ಸ್ಪ್ರೂಸ್ ಮರ ಬೇಕಿತ್ತು. ಅದನ್ನು ಸಾಗಿಸಲು ಸೈನ್ಯ ಈ ರೈಲು ಹಾದಿ ಹಾಕಿಸಿತು. ಹಾದಿ ಮುಗಿಯುವಷ್ಟರಲ್ಲಿ, 1918ರ ನವೆಂಬರ್‌ನಲ್ಲಿ, ಯುದ್ಧವೇ ನಿಂತುಹೋಯಿತು. ಅಪ್ಪನಿಗೆ ಖಂಡಿತ ಇಷ್ಟವಾಗುತ್ತದೆ.

ಸೋಮವಾರಪೇಟೆಯವಳು:
ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಶನಿವಾರ ಹೋಗಿ ಬಂದೆವು. ಅಪ್ಪನಿಗೆ ಕುಸಿದ ಜಾಗದ ವಿಷಯ ನೇರವಾಗಿ ಹೇಳಿದೆ. ವಾದ ಮಾಡಲಿಲ್ಲ. “ನೀನು ಹೋಗು. ಅಲ್ಲಿ ಹತ್ತು ನಿಮಿಷ ಮಾತಾಡದೆ ಕೂತುಕೋ. ಕಿವಿಗೆ ಏನೇನು ಬಿತ್ತು, ಬರೆದುಕೊಂಡು ಬಾ” ಅಂದರು. ಅವರೂ ಅಮ್ಮನೂ ಕೆಳಗೆ ರೈಲು ಹಾದಿ ಹಿಡಿದರು. ನಾನೂ ನಮ್ಮೆಜಮಾನ್ರೂ ಮೇಲೆ ಹೋದೆವು. ಆ ಜಾಗ ನಿಜವಾಗಲೂ ಹೆದರಿಸುತ್ತದೆ, ಮಣ್ಣು ಒಣಗಿತ್ತು ಅಂತ ದಾಟಿದೆವು.

ಕೋಣೆ ಎಷ್ಟು ಚಿಕ್ಕದು! ಕೆಳಗೆ ಅಷ್ಟು ನೀಲಿ ನೀರು. ಚಳಿಯಲ್ಲಿ, ಮಂಜಲ್ಲಿ, ರಾತ್ರಿ ಇಲ್ಲಿ ಕೂತವರಿಗೆ ಕಣ್ಣಿಗಿಂತ ಕಿವಿಯೇ ಜಾಸ್ತಿ ಕೆಲಸ ಮಾಡಿರಬೇಕು. ಅಪ್ಪ ಯಾಕೆ ಹಾಗೆ ಹೇಳಿದರು ಅಂತ ಅಲ್ಲಿ ಗೊತ್ತಾಯಿತು. ಬರೆದುಕೊಂಡೆ: ಗಾಳಿ, ಒಂದು ಕಾಗೆ, ಕೆಳಗಿನ ಹೈವೇಯ ಲಾರಿ, 11.40ಕ್ಕೆ ಒಂದು ವಿಮಾನ, ಮೊದಲು ಸದ್ದು, ಆಮೇಲೆ ಕಂಡಿದ್ದು.

ಕೆಳಗೆ ಬಂದಾಗ ಅಪ್ಪ ಸುರಂಗದ ಗೋಡೆಗೆ ಕೈ ಇಟ್ಟು ನಿಂತಿದ್ದರು. ಚೀಟಿ ತೆಗೆದುಕೊಂಡು ಕನ್ನಡಕ ಹಾಕಿ ಎರಡು ಸಲ ಓದಿದರು. “ವಿಮಾನ ಯಾವ ದಿಕ್ಕಿಗೆ ಹೋಯಿತು ಮಗಳೇ?” ಅಂದರು. ಪಶ್ಚಿಮದಿಂದ ಪೂರ್ವಕ್ಕೆ ಅಂದೆ. ಜೇಬಿನಿಂದ ಪೆನ್ನು ತೆಗೆದು ಅದನ್ನೂ ಸೇರಿಸಿ, ಚೀಟಿ ಮಡಚಿ ಪಾಸ್‌ಪೋರ್ಟ್ ಒಳಗೆ ಇಟ್ಟುಕೊಂಡರು.