ಎಲೆಕ್ಟ್ರಿಷಿಯನ್ ಗಾಡಿಯಲ್ಲಿ ಏನಿರಬೇಕು, ಎಲ್ಲಿರಬೇಕು?

ಪ್ರಶ್ನೆ (ಸೇಡಂ ರಸ್ತೆ, ಕಲಬುರಗಿ):
ಅಣ್ಣಾ, ನಮಸ್ಕಾರ. ವೈರ್‌ಮನ್ ಪರ್ಮಿಟ್ ಇದೆ. ಇಲ್ಲಿವರೆಗೆ ಬೈಕಿಗೆ ಚೀಲ ಕಟ್ಟಿಕೊಂಡೇ ಮನೆ ಕೆಲಸ ಮಾಡಿದ್ದೇನೆ. ಈಗ ಹೊಸ ಮನೆಗಳ ವೈರಿಂಗ್, ರಿಪೇರಿ ಎರಡೂ ಜಾಸ್ತಿ ಬರುತ್ತಿವೆ. ಒಂದು ಹಳೆಯ ಓಮ್ನಿ ಸಿಗುತ್ತಿದೆ. ಹಿಂದಿನ ಸೀಟು ತೆಗೆಸಿ, ಎರಡೂ ಕಡೆ ಮೇಲಿನವರೆಗೆ ರ‍್ಯಾಕ್ ಹೊಡೆಸಿ, ಎಲ್ಲ ಸಾಮಾನು ತುಂಬಿಟ್ಟುಕೊಳ್ಳೋಣ ಅಂತ ಇದ್ದೇನೆ. ಆಗ ಪದೇ ಪದೇ ಸೂಪರ್ ಮಾರ್ಕೆಟ್ ಏರಿಯಾದ ಎಲೆಕ್ಟ್ರಿಕ್ ಅಂಗಡಿಗಳಿಗೆ ಓಡೋದು ತಪ್ಪುತ್ತೆ ಅಲ್ವಾ? ನಿಮ್ಮ ಸಲಹೆ ಬೇಕು.

ಉತ್ತರ (ಮನೆ ವೈರಿಂಗ್ ಗುತ್ತಿಗೆದಾರ, ಕಲಬುರಗಿ):
ತಮ್ಮಾ, ಕೆಲಸ ಬೆಳೀತಿದೆ ಅಂತ ಕೇಳಿ ಖುಷಿಯಾಯಿತು. ಆದರೆ ಓಮ್ನಿಯ ಸೀಟು ಕೀಳಿಸುವ ವಿಚಾರ ಬಿಡು. ಆರ್‌ಸಿಯಲ್ಲಿ ಇಷ್ಟು ಸೀಟು ಅಂತ ಬರೆದಿರುತ್ತೆ. ಅದಕ್ಕೆ ಹೊಂದದ ಹಾಗೆ ಗಾಡಿ ಬದಲಾಯಿಸುವುದನ್ನು ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಒಪ್ಪಲ್ಲ. ನಾಳೆ ಅಪಘಾತವಾದರೆ ವಿಮೆಯವರು ಮೊದಲು ನೋಡೋದು ಅದನ್ನೇ. ಓಮ್ನಿ ತಯಾರಿಕೆ 2019ರಲ್ಲೇ ನಿಂತಿದೆ, ಸಿಗೋದೆಲ್ಲ ಹಳೆಯವೇ. ಸ್ವಲ್ಪ ಕಾದು, ಸೆಕೆಂಡ್ ಹ್ಯಾಂಡ್ ಆದರೂ ಸರಿ, ಈಕೋ ಕಾರ್ಗೋ ನೋಡು. ಅದು ಸಾಮಾನು ಸಾಗಿಸಲಿಕ್ಕೇ ನೋಂದಣಿಯಾದ ಗಾಡಿ. ಹಿಂದೆ ಖಾಲಿ ಜಾಗ, ಪಕ್ಕದಲ್ಲಿ ಜಾರುವ ಬಾಗಿಲು. ಟಾಟಾ ಏಸ್ ದೊಡ್ಡ ಸೈಟ್ ಕೆಲಸಕ್ಕೆ ಚೆನ್ನಾಗಿದೆ, ಆದರೆ ತೆರೆದ ಡಬ್ಬಿಯಲ್ಲಿ ಮೀಟರ್, ಎಂಸಿಬಿ (ಲೋಡ್ ಹೆಚ್ಚಾದರೆ ತಾನೇ ಬೀಳುವ ಸ್ವಿಚ್) ಇಟ್ಟು ಊರೆಲ್ಲ ಸುತ್ತೋಕಾಗಲ್ಲ.

ಇನ್ನು ರ‍್ಯಾಕ್. ವೆಲ್ಡಿಂಗ್ ಅಂಗಡಿಗೆ ಹೋಗುವ ಮುಂಚೆ ನಿನ್ನ ಹಳೆ ಬಿಲ್ಲುಗಳನ್ನು ತೆಗೆದು ಕೂತುಕೋ. ಯಾವ ಸಾಮಾನಿಗಾಗಿ ಕೆಲಸ ಅರ್ಧಕ್ಕೆ ಬಿಟ್ಟು ಅಂಗಡಿಗೆ ಹೋದೆ ಅಂತ ಗುರುತು ಹಾಕು. ಗಾಡಿಯಲ್ಲಿ ಇರಬೇಕಾದದ್ದು ಅಷ್ಟೇ. ಝೂಮರ್, ಡಿಸೈನ್ ಫ್ಯಾನ್, ಬಣ್ಣಬಣ್ಣದ ಸ್ವಿಚ್ ಪ್ಲೇಟು ಅಂಗಡಿಯಲ್ಲೇ ಇರಲಿ. ಅದನ್ನು ಮನೆಯವರು ನೋಡಿಯೇ ತಗೊಳ್ತಾರೆ. ಆದರೆ 2.5 ಮೈಕ್ರೋಫ್ಯಾರಡ್ ಫ್ಯಾನ್ ಕೆಪಾಸಿಟರ್, ರೆಗ್ಯುಲೇಟರ್, 6 ಮತ್ತು 16 ಆಂಪಿಯರ್ ಸ್ವಿಚ್-ಸಾಕೆಟ್, ಹೋಲ್ಡರ್, 6ರಿಂದ 32 ಆಂಪಿಯರ್‌ವರೆಗಿನ ಎಂಸಿಬಿ, 30 ಮಿಲಿಆಂಪಿಯರ್‌ನ ಒಂದು ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಕಡಿಯುವ ಸ್ವಿಚ್) ಇಲ್ಲದೆ ಗಾಡಿ ಮನೆ ಬಿಡಬಾರದು. ಈ ಸಣ್ಣ ಸಾಮಾನು ಜಾರುವ ಬಾಗಿಲ ಹತ್ತಿರವೇ ಇರಲಿ. ರಸ್ತೆ ಮೇಲೆ ನಿಂತು ಕೈ ಚಾಚಿದರೆ ಸಿಗಬೇಕು. ಗಾಡಿಯೊಳಗೆ ಬಗ್ಗಿ ಹತ್ತಿ ಹುಡುಕುವ ಹಾಗಿದ್ದರೆ ಎರಡು ವಾರದಲ್ಲಿ ಎಲ್ಲ ಒಂದೇ ಡಬ್ಬಿಗೆ ಬಂದು ಬೀಳುತ್ತೆ.

ರ‍್ಯಾಕನ್ನು ಒಂದೇ ಕಡೆ ಎತ್ತರಕ್ಕೆ ಹಾಕಿಸು, ಇನ್ನೊಂದು ಕಡೆ ಕಿಟಕಿಯ ಕೆಳಗೇ ನಿಲ್ಲಲಿ. ತೂತಿನ ಆಂಗಲ್ ಸಾಕು. ಪ್ರತಿ ಖಾನೆಯ ಮುಂದೆ ಎರಡು ಇಂಚು ಅಂಚು ಎದ್ದಿರಬೇಕು, ಇಲ್ಲದಿದ್ದರೆ ರಿಂಗ್ ರಸ್ತೆಯ ಒಂದೇ ರೋಡ್ ಹಂಪ್‌ಗೆ ಸಾಮಾನೆಲ್ಲ ನೆಲಕ್ಕೆ. ಭಾರದ್ದೆಲ್ಲ ಕೆಳಗೆ, ಮುಂದಿನ-ಹಿಂದಿನ ಚಕ್ರಗಳ ನಡುವೆ ಬರಲಿ. 90 ಮೀಟರಿನ ಒಂದೂವರೆ ಚದರ ಮಿ.ಮೀ. ವೈರ್ ಬಂಡಲ್‌ನಲ್ಲಿ ತಾಮ್ರವೇ ಸುಮಾರು 1.2 ಕೆಜಿ, ನಾಲ್ಕರ ಬಂಡಲ್‌ನಲ್ಲಿ 3.2 ಕೆಜಿ. ಐದು ಬಣ್ಣ, ಮೂರು ಸೈಜು ಅಂತ ಪೇರಿಸಿದರೆ ಲೆಕ್ಕ ಬೇಗ ಏರುತ್ತೆ. ಆರ್‌ಸಿಯಲ್ಲಿ ಗಾಡಿಯ ಖಾಲಿ ತೂಕ, ತುಂಬಿದ ತೂಕ ಎರಡೂ ಇರುತ್ತವೆ. ಅವುಗಳ ನಡುವಿನ ವ್ಯತ್ಯಾಸದಲ್ಲಿ ರ‍್ಯಾಕು, ಸಾಮಾನು, ನೀನು, ನಿನ್ನ ಹುಡುಗ ಎಲ್ಲರೂ ಹಿಡಿಯಬೇಕು.

ನೆಲಕ್ಕೆ ಬೋಲ್ಟ್ ಹಾಕುವಾಗ ಕೆಳಗೆ ಇಣುಕಿ ನೋಡದೆ ಡ್ರಿಲ್ ಇಳಿಸಲು ಬಿಡಬೇಡ. ಪೆಟ್ರೋಲ್ ಟ್ಯಾಂಕು, ಪೈಪು, ಸಿಎನ್‌ಜಿ ಇದ್ದರೆ ಅದರ ಲೈನು, ಎಲ್ಲ ಕೆಳಗೇ ಹೋಗಿರುತ್ತವೆ. ನಟ್ ನೈಲಾಕ್ ಇರಲಿ, ಅಲುಗಾಟಕ್ಕೆ ಸಡಿಲವಾಗಲ್ಲ.

ಇದೊಂದನ್ನು ಮಾತ್ರ ಯಾವ ಖರ್ಚು ಉಳಿಸಲಿಕ್ಕೂ ಬಿಡಬೇಡ: ಡ್ರೈವರ್ ಸೀಟಿನ ಹಿಂದೆ ಗಟ್ಟಿ ಜಾಳಿಗೆ. ಗಂಟೆಗೆ 50 ಕಿ.ಮೀ.ನಲ್ಲಿ ಹೋಗುವಾಗ ಗಾಡಿ ಗುದ್ದಿ ನಿಂತರೂ ಹಿಂದಿನ ಸಾಮಾನು ನಿಲ್ಲಲ್ಲ. ಹ್ಯಾಮರ್ ಡ್ರಿಲ್, ಉಳಿ, ಪಾನಾ ಅದೇ ವೇಗದಲ್ಲಿ ನಿನ್ನ ಕತ್ತಿಗೆ ಬರುತ್ತವೆ. ಪ್ಲೈವುಡ್‌ಗಿಂತ ಜಾಳಿಗೆ ಒಳ್ಳೆಯದು, ಹಿಂದಿನದು ಕಾಣುತ್ತೆ. ಅದನ್ನು ಗಾಡಿಯ ಬಾಡಿಗೇ ಬೋಲ್ಟ್ ಮಾಡಿಸು, ರ‍್ಯಾಕಿಗೆ ಕಟ್ಟಿಸಬೇಡ.

ನಮ್ಮ ಕಡೆಯ ಕೆಲಸಕ್ಕೆ ಎರಡು ಖಾನೆ ಬೇರೆ ಇಡು. ಒಂದು ಕೂಲರ್ ಖಾನೆ. ಮಾರ್ಚ್ ಬಂತೆಂದರೆ "ಕೂಲರ್ ಮುಟ್ಟಿದರೆ ಜುಮ್ ಅಂತದ" ಅಂತ ಫೋನ್ ಶುರು. ಕೂಲರ್ ಪಂಪು, ಮೂರು ಪಿನ್ ಪ್ಲಗ್ಗು, ಮೂರು ಎಳೆ ವೈರು, 500 ವೋಲ್ಟಿನ ಮೆಗ್ಗರ್ (ಇನ್ಸುಲೇಷನ್ ಪರೀಕ್ಷಿಸುವ ಮೀಟರ್) ಒಟ್ಟಿಗೇ ಇರಲಿ. ಪ್ಲಗ್ ಕಿತ್ತು, ಕೂಲರಿನ ಸ್ವಿಚ್ಚುಗಳನ್ನು ಆನ್ ಮಾಡು. ಫೇಸ್, ನ್ಯೂಟ್ರಲ್ ಎರಡೂ ಪಿನ್ ಸೇರಿಸಿ ಮೆಗ್ಗರಿನ ಒಂದು ಕ್ಲಿಪ್ ಹಾಕು. ಇನ್ನೊಂದನ್ನು ಬಣ್ಣ ಕೆರೆದ ತಗಡಿಗೆ ಹಾಕು. 1 ಮೆಗಾಓಮ್‌ಗಿಂತ ಕಡಿಮೆ ಬಂದರೆ ಪಂಪು, ಮೋಟಾರು ಬೇರೆ ಬೇರೆ ಬಿಚ್ಚಿ ನೋಡು. ನೀರಲ್ಲಿ ಮುಳುಗಿರುವ ಪಂಪಿನ ಮೇಲೇ ಮೊದಲ ಅನುಮಾನ. ಅಷ್ಟಕ್ಕೇ ಬಿಟ್ಟು ಬರಬೇಡ, ಮೇನ್ ಆಫ್ ಮಾಡಿ ಸಾಕೆಟ್ ಪ್ಲೇಟನ್ನೂ ಬಿಚ್ಚು. ಹಳೆ ಮನೆಗಳಲ್ಲಿ ಮೂರನೇ ತೂತು ಇರುತ್ತೆ, ಹಿಂದೆ ಅರ್ಥ್ ವೈರೇ ಇರಲ್ಲ. ಮಕ್ಕಳು ಒದ್ದೆ ಕಾಲಲ್ಲಿ ಕೂಲರ್ ಮುಟ್ಟುವ ಮನೆ ಅದು. ಅರ್ಥ್ ಮತ್ತು ಆರ್‌ಸಿಸಿಬಿ ಬಗ್ಗೆ ಮನೆಯವರಿಗೆ ಕೂರಿಸಿ ಹೇಳಿಯೇ ಹೊರಡು.

ಇನ್ನೊಂದು ಕಲ್ಲಿನ ಖಾನೆ. ಶಹಾಬಾದ್ ಕಲ್ಲಿನ ಹಳೆ ಮನೆಗಳಲ್ಲಿ ಗೋಡೆ ಕೊರೆದು ಪೈಪ್ ಹಾಕೋಕಾಗಲ್ಲ, ಗೋಡೆ ಮೇಲೆ ವೈರ್ ಮುಚ್ಚುವ ಕೇಸಿಂಗ್ ಪಟ್ಟಿಯೇ ಗತಿ. 6 ಮತ್ತು 8 ಮಿ.ಮೀ. ಡ್ರಿಲ್ ಬಿಟ್, ಗುಟ್ಟ (ಸ್ಕ್ರೂ ಹಿಡಿಯಲು ತೂತಿಗೆ ಹಾಕುವ ಪ್ಲಗ್), ಸ್ಕ್ರೂ ಒಂದೇ ಡಬ್ಬಿಯಲ್ಲಿರಲಿ. ಕಲ್ಲು ಪದರ ಪದರ ಏಳುತ್ತೆ. ಅಂಚಿನ ಹತ್ತಿರ ಹ್ಯಾಮರ್ ಆಫ್ ಮಾಡಿ ಸಣ್ಣ ಬಿಟ್‌ನಿಂದ ಶುರು ಮಾಡು.

ಪ್ರಶ್ನೆ (ಬೀದರ್):
ಸರ್, ಪೈಪ್ ಮತ್ತು ನಿಚ್ಚಣಿಕೆ ಒಳಗೆ ಹಿಡಿಯಲ್ಲ. ಮೇಲೆ ಕಟ್ಟಿದರೆ ನಡೆಯುತ್ತಾ?

ಉತ್ತರ:
ನಡೆಯುತ್ತೆ ರೀ, ಆದರೆ ಹಗ್ಗದಿಂದ ಸುಮ್ನೆ ಕಟ್ಟಬೇಡಿ. ಪೈಪ್ 3 ಮೀಟರ್, ಈಕೋ ಉದ್ದ ಸುಮಾರು 3.7 ಮೀಟರ್. ಹಾಗಾಗಿ ಮುಂದೆ ಹಿಂದೆ ಚಾಚದ ಹಾಗೆ ಕೂರುತ್ತೆ. 110 ಮಿ.ಮೀ. ಪಿವಿಸಿ ಪೈಪನ್ನು ಕ್ಯಾರಿಯರ್‌ಗೆ ಬಿಗಿದು, ಎರಡೂ ಕಡೆ ಮುಚ್ಚಳ ಹಾಕಿ, ಅದರೊಳಗೆ 20-25 ಮಿ.ಮೀ. ಪೈಪ್ ಇಡಿ. ಹೊರಗೆ ಬಿಳಿ ಬಣ್ಣ ಬಳಿಯಿರಿ, ಬಿಸಿಲಿಗೆ ಒಳಗಿನ ಪೈಪ್ ಡೊಂಕಾಗುವುದು ಕಡಿಮೆಯಾಗುತ್ತೆ. ನಿಚ್ಚಣಿಕೆ ಫೈಬರಿನದೇ ಇರಲಿ. ಅಲ್ಯೂಮಿನಿಯಂ ಹಗುರ ನಿಜ, ಆದರೆ ಕರೆಂಟ್ ಕೆಲಸಕ್ಕೆ ಅದು ಬೇಡವೇ ಬೇಡ.

ಪ್ರಶ್ನೆ (ಯಾದಗಿರಿ):
ಬ್ಯಾಟರಿ ಡ್ರಿಲ್ ಗಾಡಿಯಲ್ಲೇ ಬಿಡಬಹುದಾ? ಬಿಸಿಲು ಗೊತ್ತಲ್ಲ ನಮ್ಮದು.

ಉತ್ತರ:
ಬಿಡಬೇಡಿ. ಏಪ್ರಿಲ್-ಮೇ ತಿಂಗಳಲ್ಲಿ ನಮ್ಮ ಕಡೆ ಸರ್ಕಾರಿ ಕಚೇರಿಯವರೇ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ಕೆಲಸ ಮಾಡ್ತಾರೆ, ಅಂಥ ಬಿಸಿಲು. ಹೊರಗೆ 42 ಡಿಗ್ರಿ ಇದ್ದರೆ ಮುಚ್ಚಿದ ಗಾಡಿಯೊಳಗೆ ಇನ್ನೂ ಎಷ್ಟೋ ಜಾಸ್ತಿ. ಲಿಥಿಯಂ ಬ್ಯಾಟರಿಗೆ ಅದು ಅಪಾಯ, ಆಯುಷ್ಯವೂ ಕಡಿಮೆಯಾಗುತ್ತೆ. ಬ್ಯಾಟರಿ, ಮೆಗ್ಗರ್, ಮಲ್ಟಿಮೀಟರ್ ಮೂರನ್ನೂ ಒಂದೇ ಕೈಚೀಲದಲ್ಲಿಟ್ಟು ಜೊತೆಗೇ ಒಳಗೆ ಒಯ್ಯಿರಿ. ಪೈಪ್ ಅಂಟಿನ ಡಬ್ಬಿ, ಇನ್ಸುಲೇಷನ್ ಟೇಪು ಕೂಡ ಹಾಳಾಗುತ್ತವೆ, ಸ್ವಲ್ಪವೇ ಇಡಿ. ಬೆಂಕಿ ಆರಿಸಲು 2 ಕೆಜಿಯ ಎಬಿಸಿ ಪೌಡರ್ ಸಿಲಿಂಡರ್ ಬಾಗಿಲ ಪಕ್ಕ ಇರಲಿ, ಅದರ ಮೇಲೆ ಬರೆದಿರುವ ತಾಪಮಾನದ ಮಿತಿ ನೋಡಿ ತಗೊಳ್ಳಿ.

ಪ್ರಶ್ನೆ (ಶಹಾಬಜಾರ್, ಕಲಬುರಗಿ):
ಅಣ್ಣಾವರೆ, ನಮ್ಮ ಓಣಿಗೆ ವ್ಯಾನೇ ಬರಲ್ಲ. ಅಲ್ಲಿ ಏನು ಮಾಡೋದು?

ಉತ್ತರ:
ಗಾಡಿ ದೊಡ್ಡ ರಸ್ತೆಯಲ್ಲಿ ನಿಲ್ಲಲಿ. ಅದಕ್ಕೇ ಕೆಳಗಿನ ಖಾನೆಗಳನ್ನು ಎತ್ತಿಕೊಂಡು ಹೋಗುವ ಡಬ್ಬಿಗಳ ಅಳತೆಗೆ ಮಾಡಿಸಬೇಕು. ಫ್ಯಾನ್ ಡಬ್ಬಿ, ಸ್ವಿಚ್ ಡಬ್ಬಿ, ಮೇನ್ ಬೋರ್ಡ್ ಡಬ್ಬಿ, ಕೂಲರ್ ಡಬ್ಬಿ ಅಂತ ಬೇರೆ ಬೇರೆ ಇರಲಿ. ಫೋನಲ್ಲೇ ತೊಂದರೆ ಏನು ಅಂತ ಕೇಳಿಕೊಂಡು ಆ ಡಬ್ಬಿ, ಮೀಟರಿನ ಕೈಚೀಲ ಎರಡೇ ತಗೊಂಡು ನಡೆಯಿರಿ. ಮೇನ್ ಬೋರ್ಡ್ ಡಬ್ಬಿಯಲ್ಲಿ ಎಂಸಿಬಿಗೆ ಹಾಕುವ ಲಾಕ್, ಸಣ್ಣ ಬೀಗ, "ಕೆಲಸ ನಡೆದಿದೆ, ಆನ್ ಮಾಡಬೇಡಿ" ಅನ್ನುವ ಚೀಟಿ ಇರಲೇಬೇಕು. ಒಟ್ಟು ಕುಟುಂಬದ ಮನೆಗಳಲ್ಲಿ ಕರೆಂಟ್ ಹೋಯಿತು ಅಂತ ಯಾರಾದರೂ ಬಂದು ಸ್ವಿಚ್ ಎತ್ತಿಬಿಡ್ತಾರೆ. ಬೀಗದ ಕೈ ನಿಮ್ಮ ಜೇಬಿನಲ್ಲಿರಲಿ.